ತೊಂಬತ್ತೇಳಕ್ಕೂ ಒಡೆಯದ ಸಂಖ್ಯೆ

1949ರಲ್ಲಿ ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ತರಗತಿಯಲ್ಲಿ ಕನ್ನಡ, ಸ್ಟಾಫ್ ರೂಮಿನಲ್ಲಿ ಅರ್ಧ ತೆಲುಗು, ಇನ್‌ಸ್ಪೆಕ್ಟರು ಬಂದ ದಿನ ಇಂಗ್ಲಿಷ್. ಹುಡುಗರು ನನಗೆ ‘ಗುಂಟೂರು’ ಎಂದು ಹೆಸರಿಟ್ಟಿದ್ದರು. ಆ ಊರಿನ ಮೆಣಸಿನಕಾಯಿ ತಿಂದವರಿಗೆ ಬೇರೆ ವಿವರಣೆ ಬೇಕಿಲ್ಲ. ವಯಸ್ಸಾದರೆ ಸಿಟ್ಟಿನ ಖಾರ ಇಳಿಯುತ್ತದೆ ಎಂದು ಮನೆಯವರು ಕಾದರು, ಇಳಿಯಲಿಲ್ಲ. ಆದರೂ ನನ್ನ ಬಹಳಷ್ಟು ಸಿಟ್ಟುಗಳು ಸಂಜೆ ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಆರಿಹೋಗುತ್ತಿದ್ದವು. ಒಂದು ಮಾತ್ರ ಇವತ್ತಿಗೂ ಆರಿಲ್ಲ. ಅದಕ್ಕೆ ಕಾರಣ ಒಂದು ಸಂಖ್ಯೆ: 9931.

ಆಗ ಬಳ್ಳಾರಿಯಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಟ್ರೇನಿಂಗ್ ಸ್ಕೂಲು ಇತ್ತು. ಈಗ ಅದು ಇಲ್ಲ, ಹೆಸರು ಬೇಡ. ಪ್ರೈಮರಿ ಶಾಲೆಯ ಮೇಷ್ಟ್ರುಗಳಿಗೆ ಪಾಠ ಮಾಡುವುದನ್ನು ಕಲಿಸುವ ಶಾಲೆ ಅದು. ಅಲ್ಲಿ ಪ್ರತಿ ವರ್ಷ ಎರಡು ಸೀಟುಗಳನ್ನು ಟ್ರೇನಿಂಗ್ ಇಲ್ಲದೆ ಹಳ್ಳಿಗಳಲ್ಲಿ ಪಾಠ ಮಾಡುತ್ತಿದ್ದವರಿಗೆ ಬಿಟ್ಟಿದ್ದರು. ಫೀಸಿಲ್ಲ, ಊಟ ವಸತಿ ಟ್ರಸ್ಟಿನದೇ. ಆ ಎರಡು ಸೀಟಿಗೆ ಆಯ್ಕೆ ಮಾಡಲು ಮೂರು ಜನರ ಕಮಿಟಿ: ಟ್ರಸ್ಟಿನ ಕಾರ್ಯದರ್ಶಿ, ವೆಂಕೋಬರಾವ್ ಎಂಬ ಹಿರಿಯ ಹೆಡ್ಮಾಸ್ಟರು, ಗಣಿತಕ್ಕೆಂದು ನಾನು. ಕಾರ್ಯದರ್ಶಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಆತನ ಮೊಮ್ಮಕ್ಕಳು ಒಳ್ಳೆಯವರು, ಎದುರಿಗೆ ಸಿಕ್ಕರೆ ಕೈ ಮುಗಿಯುತ್ತಾರೆ.

ಆಯ್ಕೆಯ ರೀತಿ ವಿಶೇಷವಾಗಿತ್ತು. ಅದಕ್ಕೆ ಬೋರ್ಡ್ ಪರೀಕ್ಷೆ ಎನ್ನುತ್ತಿದ್ದರು. ಕಮಿಟಿಯ ನಾವು ಮೂವರೂ ಹುಡುಗರ ಬೆಂಚಿನ ಮೇಲೆ ಕೂರಬೇಕು. ಅಭ್ಯರ್ಥಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಲ್ಲಬೇಕು. ಬೋರ್ಡಿನ ಮೇಲೆ ಬರೆದ ಲೆಕ್ಕವನ್ನು ನಮಗೆ ಪಾಠ ಹೇಳುವಂತೆ ಬಾಯಿಬಿಟ್ಟು ಹೇಳುತ್ತ ಬಿಡಿಸಬೇಕು. ನಾವು ಹುಡುಗರಂತೆ ‘ಮೇಷ್ಟ್ರೇ’ ಎಂದು ಕರೆದು ಪ್ರಶ್ನೆ ಕೇಳಬಹುದು. ಬಿಡಿಸಿದ್ದು ಸರಿ ಎನಿಸಿದರೆ ‘ಗೊತ್ತಾಯ್ತು ಮೇಷ್ಟ್ರೇ’ ಎನ್ನಬೇಕು. ಆ ಮಾತು ಬಂದ ಮೇಲೆಯೇ ಅಭ್ಯರ್ಥಿ ಬೋರ್ಡು ಬಿಡುವುದು. ನನಗೆ ಈ ಪದ್ಧತಿ ಬಹಳ ಇಷ್ಟವಾಗಿತ್ತು. ಉತ್ತರ ಬಂದರೆ ಸಾಲದು, ಇನ್ನೊಬ್ಬರಿಗೆ ತಿಳಿಸಲು ಬರಬೇಕು. ಮೇಷ್ಟ್ರಿಗೆ ಬೇಕಾದದ್ದು ಅದೇ ತಾನೆ.

ಲೆಕ್ಕ ಎಲ್ಲರಿಗೂ ಒಂದೇ. ಆದ್ದರಿಂದ ಗುಟ್ಟಾಗಿ ಇಡುತ್ತಿದ್ದರು. ಕಾಯುವವರು ಆಚೆ ಕೋಣೆಯಲ್ಲಿ, ಮುಗಿಸಿದವರು ಹಿಂಬಾಗಿಲಿನಿಂದ ಹೊರಗೆ. ಗಣಿತದ ಮೇಷ್ಟ್ರು ನಾನಿದ್ದರೂ ಲೆಕ್ಕವನ್ನು ನನ್ನಿಂದ ಹಾಕಿಸಲಿಲ್ಲ. “ನಿಮಗ್ಯಾಕೆ ತೊಂದ್ರೆ, ನಾನೇ ನೋಡ್ಕೋತೀನಿ” ಅಂದರು ಕಾರ್ಯದರ್ಶಿ. ತೊಂದರೆ ಯಾರಿಗೆ ತಪ್ಪಿಸಿದರು ಎಂದು ಆಮೇಲೆ ತಿಳಿಯಿತು.

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ನಮ್ಮನ್ನು ಹಂಗಿಸಿಕೊಳ್ಳುತ್ತೇವೆ. ಪರೀಕ್ಷೆ ನಡೆದದ್ದು ಕಡುಬೇಸಿಗೆಯಲ್ಲಿ. ಬೆಳಗ್ಗೆ ಎಂಟಕ್ಕೇ ಕೋಟೆಗುಡ್ಡದ ಬಂಡೆಗಳು ಕಾದು ಗಾಳಿ ಬಿಸಿಯಾಗಿತ್ತು. ಕಾರ್ಯದರ್ಶಿ ಜೇಬಿನಿಂದ ಚೀಟಿ ತೆಗೆದು, ಒಮ್ಮೆ ನೋಡಿ, ಮತ್ತೆ ಜೇಬಿಗಿಟ್ಟು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ‘9931ನ್ನು ಅಪವರ್ತಿಸಿ.’ ಅಂದರೆ, ಯಾವ ಎರಡು ಸಂಖ್ಯೆಗಳನ್ನು ಗುಣಿಸಿದರೆ ಇದು ಬರುತ್ತದೆ, ಒಡೆದು ತೋರಿಸಿ.

ನಾನು ಹಿಂದಿನ ಬೆಂಚಿನಲ್ಲಿ ಕೂತು ಮನಸ್ಸಿನಲ್ಲೇ ಒಡೆಯಲು ನೋಡಿದೆ. ಎರಡು, ಮೂರು, ಐದು, ಏಳು, ಯಾವುದಕ್ಕೂ ಬಗ್ಗಲಿಲ್ಲ. ಇದು ಅವಿಭಾಜ್ಯ ಇರಬೇಕು ಅನ್ನಿಸಿತು. ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆ. ಏಳು, ಹನ್ನೊಂದು, ಹದಿಮೂರು ಇಂಥವು. ಚಿಕ್ಕವನ್ನು ಮಕ್ಕಳೂ ಹೇಳುತ್ತಾರೆ. ನಾಲ್ಕು ಅಂಕಿಯದನ್ನು ಬರಿಗಣ್ಣಿನಿಂದ ಹೇಳಲಾಗುವುದಿಲ್ಲ, ಮೈಬಗ್ಗಿಸಿ ಭಾಗಿಸಿಯೇ ನೋಡಬೇಕು. ‘ಅಪವರ್ತಿಸಿ’ ಎಂದು ಕೇಳಿ ಒಡೆಯಲಾಗದ್ದನ್ನು ಕೊಟ್ಟಿದ್ದಾರಲ್ಲ, ಭಲೆ, ಈ ಮನುಷ್ಯನಿಗೆ ಇಷ್ಟು ಬುದ್ಧಿ ಇದೆ ಎಂದು ನನಗೆ ಗೊತ್ತಿರಲಿಲ್ಲ ಅಂದುಕೊಂಡೆ. ಆ ಮೆಚ್ಚುಗೆ ಹೆಚ್ಚು ಹೊತ್ತು ಉಳಿಯಲಿಲ್ಲ.

ಅಭ್ಯರ್ಥಿಗಳು ನಾಲ್ವರು. ಮೊದಲು ಬಂದವನು ಕಾರ್ಯದರ್ಶಿಯ ಷಡ್ಡಕನ ಮಗ. ಬಂದ, ಕೈ ಮುಗಿದ, ಬೋರ್ಡನ್ನು ಸರಿಯಾಗಿ ನೋಡಲೂ ಇಲ್ಲ. ‘ನೂರರ ವರ್ಗದಲ್ಲಿ ಮೂರರ ವರ್ಗ ಕಳೆದರೆ’ ಎಂದು ಗಿಳಿಯಂತೆ ಒಪ್ಪಿಸಿ 97 × 103 ಎಂದು ಬರೆದ. ಕಾರ್ಯದರ್ಶಿ ಮುಂದಿನ ಬೆಂಚಿನಿಂದ “ಗೊತ್ತಾಯ್ತು ಮೇಷ್ಟ್ರೇ” ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಹಿಂಬಾಗಿಲು ದಾಟಿದ್ದ.

ಇಲ್ಲಿ ಒಂದು ಮಾತು ವಿವರಿಸಬೇಕು. ನೂರರ ವರ್ಗ ಹತ್ತು ಸಾವಿರ. ಮೂರರ ವರ್ಗ ಒಂಬತ್ತು. ಕಳೆದರೆ 9991. ಅದು 97 × 103 ಆಗುತ್ತದೆ. ಹಳೆಯ ಅಂಕಗಣಿತದ ಪುಸ್ತಕಗಳಲ್ಲೆಲ್ಲ ಇರುವ ಲೆಕ್ಕ ಅದು. ಕಾರ್ಯದರ್ಶಿಯ ಚೀಟಿಯಲ್ಲಿ ಇದ್ದದ್ದು ಅದೇ. ಬರೆಯುವಾಗ ಕೈ ತಪ್ಪಿ ಒಂಬತ್ತರ ಜಾಗದಲ್ಲಿ ಮೂರು ಬಿದ್ದಿದೆ. ಬರೆದವರಿಗೆ ಗೊತ್ತಿಲ್ಲ. ಆದರೆ ಬೋರ್ಡಿನ ಮೇಲೆ 9931 ಇರುವಾಗ 9991ರ ಉತ್ತರವನ್ನು ಬರೆದು ಹೋದ ಹುಡುಗನಿಗೆ ಅದು ಎಲ್ಲಿಂದ ಬಂತು? ಆಗಲೇ ನನ್ನ ಕಿವಿ ಬಿಸಿಯಾಯಿತು.

ಎರಡನೆಯವನು ಸಿರುಗುಪ್ಪದ ಒಂದು ರೈಸ್ ಮಿಲ್ಲಿನವರ ಅಳಿಯ. ಅವನೂ ಅದೇ ಗಿಳಿಪಾಠ ಹೇಳಿ 97 × 103 ಬರೆದ. ಈ ಸಲ ನಾನು ಬಿಡಲಿಲ್ಲ. ಹುಡುಗನ ಹಾಗೆ ಕೈ ಎತ್ತಿ, “ಮೇಷ್ಟ್ರೇ, ಗುಣಿಸಿ ತಾಳೆ ನೋಡೋಣ” ಅಂದೆ. ಅವನು ಗುಣಿಸಿದ. ತೊಂಬತ್ತೇಳನ್ನು ನೂರರಿಂದ, 9700. ಮೂರರಿಂದ, 291. ಕೆಳಗೆ ಗೆರೆ ಎಳೆದ. ಕೂಡಿಸತೊಡಗಿದ, ಮೇಲಿನ ಸಂಖ್ಯೆ ನೋಡಿದ, ಕೆಳಗೆ ನೋಡಿದ, ಕೈ ಒಂದು ಗಳಿಗೆ ನಿಂತಿತು. ಆಮೇಲೆ ಏನು ಮಾಡಿದ ಗೊತ್ತೆ? 9700 ಮತ್ತು 291 ಕೂಡಿಸಿ 9931 ಎಂದು ಬರೆದ. ಎಲ್ಲಿಯೂ ಇಲ್ಲದ ಮೂರನ್ನು ತಂದು ಕೂರಿಸಿದ. ಮೂರನೇ ಕ್ಲಾಸಿನ ಮಗು ಮಾಡದ ಕೂಡಿಕೆ. ಇವನು ನಾಳೆ ಮಕ್ಕಳಿಗೆ ಲೆಕ್ಕ ಕಲಿಸುತ್ತಾನೆ! “ಗೊತ್ತಾಯ್ತು ಮೇಷ್ಟ್ರೇ” ಎಂದು ಮತ್ತೆ ಮುಂದಿನ ಬೆಂಚಿನಿಂದ ದನಿ ಬಂತು.

ಆಗಲೇ ಎದ್ದು ಕೂಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಕೂಗಿದ್ದರೆ ಕಾರ್ಯದರ್ಶಿ ಮೂರನ್ನು ಒರೆಸಿ ಒಂಬತ್ತು ಮಾಡಿ, ಏನೂ ಆಗಿಲ್ಲವೆಂಬಂತೆ ಕೂರುತ್ತಿದ್ದರು. ಕಳ್ಳನ ಕೈ ಹುಂಡಿಯ ಒಳಗಿರುವಾಗಲೇ ಹಿಡಿಯಬೇಕು. ಉಳಿದ ಇಬ್ಬರೂ ಮುಗಿಸಲಿ ಎಂದು ಹಲ್ಲು ಕಚ್ಚಿ ಕೂತೆ.

ಮೂರನೆಯವನು ರೂಪನಗುಡಿಯ ತಿಪ್ಪಣ್ಣ. ಪಾಪ, ಬಹಳ ಹೊತ್ತು ಬೆವರು ಒರೆಸಿಕೊಂಡು ಭಾಗಿಸಿದ. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು ತನಗೆ ಬರುತ್ತಿಲ್ಲ ಎಂದು ನೇರವಾಗಿ ಹೇಳಿ ಹೋದ. ಅವನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಕೊನೆಗೆ ಬಂದವರು ಹುಲಿಗೆಮ್ಮ. ತವರು ಸಿರುಗುಪ್ಪ ತಾಲೂಕಿನ ಕರೂರು. ಕೆಲಸ ಕುರುಗೋಡಿನ ಒಂದು ಖಾಸಗಿ ಪ್ರೈಮರಿ ಶಾಲೆಯಲ್ಲಿ. ಗಂಡ ಹತ್ತಿ ಬಿಡಿಸುವ ಜಿನ್ ಯಂತ್ರಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡಿದ್ದ, ಮನೆ ನಡೆಯುತ್ತಿದ್ದದ್ದು ಇವರ ಸಂಬಳದಿಂದ. ಟ್ರೇನಿಂಗ್ ಸೀಟು ತಂದರೆ ಕೆಲಸ ಕಾದಿಡುತ್ತೇವೆ, ತರದಿದ್ದರೆ ಜೂನಿನಿಂದ ಬರಬೇಡಿ ಎಂದು ಶಾಲೆಯ ಆಡಳಿತದವರು ಹೇಳಿಬಿಟ್ಟಿದ್ದರು. ಇದನ್ನೆಲ್ಲ ಅವರ ಅರ್ಜಿ ಬಂದಾಗ ಕಾರ್ಯದರ್ಶಿಯೇ ನಗುತ್ತ ನಮಗೆ ಹೇಳಿದ್ದರು. ಹೆಂಗಸಿಗೆ ಸೀಟು ಕೊಟ್ಟು ಏನು ಮಾಡುವುದು, ನಾಳೆ ಬಸಿರು ಬಾಣಂತನ ಎಂದು ಕೂರುತ್ತಾಳೆ ಎಂದೂ ಸೇರಿಸಿದ್ದರು.

ಹುಲಿಗೆಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೋರ್ಡನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ನಿಜವಾಗಿ ಮಕ್ಕಳೇ ಕೂತಿದ್ದಾರೆ ಎಂಬಂತೆ ಪಾಠ ಶುರು ಮಾಡಿದರು. ಈ ಸಂಖ್ಯೆ ಹತ್ತು ಸಾವಿರಕ್ಕಿಂತ ಕಡಿಮೆ, ಹತ್ತು ಸಾವಿರ ನೂರರ ವರ್ಗ. ಆದ್ದರಿಂದ ಇದು ಎರಡು ತುಂಡಾಗುವುದಾದರೆ ಒಂದು ತುಂಡು ನೂರಕ್ಕಿಂತ ಚಿಕ್ಕದಿರಲೇಬೇಕು. ನೂರರ ಒಳಗೆ ಅವಿಭಾಜ್ಯ ಸಂಖ್ಯೆಗಳು ಇಪ್ಪತ್ತೈದು. ಅವುಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು, ಆರು ಎಂಟು ಹತ್ತರಿಂದ ನೋಡುವುದು ಬೇಡ, ಎರಡಕ್ಕೆ ಹೋಗದ್ದು ಎಂಟಕ್ಕೆ ಹೇಗೆ ಹೋದೀತು? ಇಷ್ಟು ಹೇಳಿ ಒಂದೊಂದಾಗಿ ಭಾಗಿಸತೊಡಗಿದರು. ಏಳರಿಂದ ಭಾಗಿಸಿದರೆ ಐದು ಉಳಿಯಿತು. ಹದಿಮೂರಕ್ಕೆ ಹನ್ನೆರಡು. ಹದಿನೇಳಕ್ಕೆ ಮೂರು. ನಲವತ್ತಮೂರಕ್ಕೆ ನಲವತ್ತೊಂದು ಉಳಿದಾಗ, “ಎರಡಕ್ಕ ತಪ್ಪಿತು ನೋಡ್ರಿ” ಎಂದು ಮಕ್ಕಳಿಗೆ ಹೇಳುವಂತೆ ಹೇಳಿ ಮುಂದಕ್ಕೆ ಹೋದರು. ಬೋರ್ಡಿನ ಒಂದು ಬದಿಯಲ್ಲಿ ಶೇಷಗಳ ಸಾಲು ಬೆಳೆಯಿತು. ನಾನು ಜೊತೆಜೊತೆಗೆ ನನ್ನ ತೊಡೆಯ ಮೇಲೆ ಬೆರಳಿನಿಂದ ಬರೆದು ನೋಡುತ್ತಿದ್ದೆ. ಒಂದೂ ತಪ್ಪಿರಲಿಲ್ಲ.

ಎಂಬತ್ತೊಂಬತ್ತು ಮುಗಿಯಿತು. ಉಳಿದದ್ದು ತೊಂಬತ್ತೇಳು ಒಂದೇ. ಆಗ ಕಾರ್ಯದರ್ಶಿ ಗಡಿಯಾರ ನೋಡಿ ಎದ್ದರು.

“ಟೈಮಾಯ್ತಮ್ಮ. ಎಲ್ಲಾ ಹಾಕಿದೆ, ತೊಂಬತ್ತೇಳು ಒಂದು ಹಾಕಲಿಲ್ಲ. ಅದನ್ನ ಹಾಕಿದ್ದರೆ ಹೋಗ್ತಿತ್ತು.”

ಹುಲಿಗೆಮ್ಮ ಬೋರ್ಡಿನ ಕಡೆ ತಿರುಗಲೂ ಇಲ್ಲ. “ಹೋಗಲ್ರೀ ಸಾರ್. ಮೂವತ್ತೇಳು ಉಳೀತೈತಿ. ಇದು ಒಡಿಯೋ ಸಂಖ್ಯೆ ಅಲ್ಲ.”

ಕಾರ್ಯದರ್ಶಿ ನಕ್ಕರು. ಡಸ್ಟರ್ ತೆಗೆದುಕೊಂಡು ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿಬಿಟ್ಟರು. ಸಂಖ್ಯೆಯೂ ಹೋಯಿತು, ಶೇಷಗಳ ಸಾಲೂ ಹೋಯಿತು. ಹುಲಿಗೆಮ್ಮ ಅಲ್ಲೇ ನಿಂತಿದ್ದರು.

“ಗೊತ್ತಾಯ್ತು ಅಂತ ನೀವು ಅಂದಿಲ್ಲ ಸಾರ್.”

“ಗೊತ್ತಾದ್ರೆ ತಾನೇ ಅನ್ನೋದು. ಹೋಗಮ್ಮ” ಅಂದರು ಕಾರ್ಯದರ್ಶಿ.

ಆಕೆ ಹೋದರು. ಬಾಗಿಲು ಮುಚ್ಚಿತೋ ಇಲ್ಲವೋ, ನಾನು ಬೆಂಚು ಒದ್ದು ಎದ್ದೆ. ಬೋರ್ಡಿನ ಮೇಲೆ ಇದ್ದದ್ದು 9931, ಅದಕ್ಕೆ 97 × 103 ಎಂದು ಯಾವ ದೇವರು ಬಂದರೂ ಉತ್ತರ ಬರೆಯಲಾರ, ಬರೆಯಬೇಕಾದರೆ ನಿಮ್ಮ ಜೇಬಿನ ಚೀಟಿ ಮೊದಲೇ ನೋಡಿರಬೇಕು ಎಂದು ಕೂಗಿದೆ. ಆ ಮನುಷ್ಯ ಕಣ್ಣು ಮಿಟುಕಿಸಲಿಲ್ಲ. ಜೇಬಿನಿಂದ ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ಅದರಲ್ಲಿ 9991 ಇತ್ತು. “ನಾನು ಬರೆದಿದ್ದು ಇದನ್ನೇ. ಆಕೆ ತಪ್ಪು ಓದಿದಳು, ನೀವೂ ತಪ್ಪು ಓದಿದಿರಿ” ಅಂದರು. ಬೋರ್ಡು ಒರೆಸಿ ಆಗಿತ್ತಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಕೈ ತಪ್ಪಿ ಬರೆದದ್ದನ್ನು ಕ್ಷಮಿಸಬಹುದು. ಲೆಕ್ಕವನ್ನು ಮೊದಲೇ ತಮ್ಮವರಿಗೆ ಹೇಳಿಕೊಟ್ಟದ್ದನ್ನೂ, ಲೋಕದಲ್ಲಿ ನಡೆಯುವುದೇ ಹೀಗೆ ಎಂದು ನುಂಗಿಕೊಳ್ಳುವವರು ಇದ್ದಾರೆ. ಆದರೆ ಸರಿಯಾಗಿ ಲೆಕ್ಕ ಮಾಡಿದ ಹೆಂಗಸಿನ ಕಣ್ಣೇ ಸರಿಯಿಲ್ಲ ಎನ್ನುವುದೆ?

ನಾನು ವೆಂಕೋಬರಾಯರ ಕಡೆ ತಿರುಗಿದೆ. ಅವರು ನನ್ನ ಮುಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕಂಡವರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು. “ನನಗೆ ಇತ್ತೀಚೆಗೆ ಕಣ್ಣು ಸ್ವಲ್ಪ ಮಂಜು” ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಮೇಲೆ ನನಗೆ ಕಳ್ಳರ ಮೇಲಿಗಿಂತ ಹೆಚ್ಚು ಸಿಟ್ಟು. ಇಬ್ಬರ ಮಾತು ಒಂದಾಯಿತು, ಷಡ್ಡಕನ ಮಗನಿಗೂ ಮಿಲ್ಲಿನ ಅಳಿಯನಿಗೂ ಸೀಟು ಎಂದು ತೀರ್ಮಾನವಾಯಿತು. ನಾನು ಒಪ್ಪುವುದಿಲ್ಲ ಎಂದು ಹೇಳಿ ಬಿಸಿಲಿಗೆ ಬಂದೆ.

ಆ ಭಾನುವಾರ ನಾನು ಆ ಸಂಖ್ಯೆಯನ್ನು ಬಿಡಲಿಲ್ಲ. ಸಿಟ್ಟು ಬಂದಾಗ ಕೆಲವರು ಪಾತ್ರೆ ಎಸೆಯುತ್ತಾರೆ, ನಾನು ಲೆಕ್ಕ ಮಾಡುತ್ತೇನೆ. 9931ರ ಹಿಂದೆ ಎರಡು ಹೆಜ್ಜೆಯಲ್ಲಿ 9929 ಇದೆ. ಅದೂ ಅವಿಭಾಜ್ಯ. ಹೀಗೆ ಎರಡರ ಅಂತರದಲ್ಲಿ ಇರುವ ಜೋಡಿಗೆ ಅವಳಿ ಅವಿಭಾಜ್ಯಗಳು ಎನ್ನುತ್ತಾರೆ. ಆದರೆ ಅವಳಿಗಳಾದರೂ ಗುಣ ಬೇರೆ. 9929ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಎಂಬತ್ತೈದರ ವರ್ಗ ಮತ್ತು ಐವತ್ತೆರಡರ ವರ್ಗ ಕೂಡಿಸಿದರೆ ಸರಿಯಾಗಿ ಅದೇ. 9931ಕ್ಕೆ ಅದೂ ಆಗುವುದಿಲ್ಲ. ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುವ ಯಾವ ಸಂಖ್ಯೆಯನ್ನೂ ಎರಡು ವರ್ಗಗಳಾಗಿ ಬಿಡಿಸಲು ಸಾಧ್ಯವಿಲ್ಲ. ಒಡೆಯುವುದೂ ಇಲ್ಲ, ಬಾಗುವುದೂ ಇಲ್ಲ. ಆ ಸಂಖ್ಯೆಯ ಮೇಲೆ ನನಗೆ ಪ್ರೀತಿಯೇ ಬಂತು.

ಟ್ರಸ್ಟಿನ ಅಧ್ಯಕ್ಷರು ಪಂಪಣ್ಣ ಎಂಬ ಹತ್ತಿ ಸಾಹುಕಾರರು. ಮರುದಿನ ಅವರ ಹತ್ತಿ ಪ್ರೆಸ್ಸಿಗೆ ಹೋದೆ. ಅಂಗಳದ ತುಂಬ ಒತ್ತಿ ಕಟ್ಟಿದ ಬೇಲುಗಳು ಸಾಲುಸಾಲಾಗಿ ಇದ್ದವು. ಅವರಿಗೆ ಅಪವರ್ತನ, ಅವಿಭಾಜ್ಯ ಎಂದರೆ ಕಿವಿಗೆ ಹೋಗುವುದಿಲ್ಲ ಎಂದು ಗೊತ್ತಿತ್ತು. ಬೇಲುಗಳನ್ನೇ ತೋರಿಸಿ ಕೇಳಿದೆ: ನಿಮ್ಮಲ್ಲಿ 9931 ಬೇಲು ಇವೆ ಎಂದುಕೊಳ್ಳಿ. ಎಲ್ಲ ಸಾಲೂ ಸಮನಾಗಿರುವಂತೆ ಜೋಡಿಸಬೇಕು. ಒಂದೇ ಉದ್ದ ಸಾಲು ಮಾಡಿದರೆ ಸರಿ, ಬೇರೆ ಹೇಗೆ ಜೋಡಿಸಿದರೂ ಕೊನೆಯ ಸಾಲು ಹರುಕಾಗುತ್ತದೆ. ಈಗ ಇಬ್ಬರು ಬಂದು, ತೊಂಬತ್ತೇಳು ಸಾಲು ಮಾಡಿದೆವು, ಸಾಲಿಗೆ ನೂರಾಮೂರು ಬೇಲು, ಎಲ್ಲ ಸಮ ಬಂತು ಅನ್ನುತ್ತಾರೆ.

ಸಾಹುಕಾರರು ಕಣ್ಣು ಮುಚ್ಚಿದರು. “ಅದು ಹತ್ತು ಸಾವಿರಕ್ಕ ಒಂಬತ್ತು ಕಮ್ಮಿ ಆತಲ್ರಿ. ಅಂಗಳದಾಗ ಇಲ್ಲದ ಅರವತ್ತು ಬೇಲು ಎಲ್ಲಿಂದ ಬಂದುವು?”

ನಾನು ಕೇಳುತ್ತಿರುವುದೂ ಅದನ್ನೇ ಅಂದೆ.

“ಇಬ್ರೂ ಅದನ್ನ ಹೇಳಿದ್ರಾ?”

“ಇಬ್ಬರೂ.”

“ಹಂಗಾರ ಇದು ತಪ್ಪಲ್ಲ ಮೇಷ್ಟ್ರೇ. ಒಬ್ಬವ ತಪ್ಪತಾನ. ಇಬ್ರು ಒಂದ ತಪ್ಪು ಮಾಡಿದ್ರ ಯಾರೋ ಹೇಳಿಕೊಟ್ಟಾರ.”

ಕಾಲೇಜು ಕಂಡ ಕಮಿಟಿಗೆ ಅರ್ಥವಾಗದ್ದು ವ್ಯಾಪಾರಿಗೆ ಎರಡು ಮಾತಿನಲ್ಲಿ ಅರ್ಥವಾಯಿತು. ಅರವತ್ತು ಬೇಲು ಎಂದ ಕೂಡಲೇ ಕಳವಿನ ವಾಸನೆ ಹತ್ತಿತು. ಆದರೂ ಬೋರ್ಡಿನ ಮೇಲೆ ಇದ್ದದ್ದು ಅದೇ ಸಂಖ್ಯೆ ಎಂದು ಬೇರೆ ಯಾರು ಹೇಳುತ್ತಾರೆ ಎಂದರು. ರೂಪನಗುಡಿಯ ತಿಪ್ಪಣ್ಣನನ್ನು ಕರೆಸಿದೆವು. ಅವನಿಗೆ ಇದರಲ್ಲಿ ಸಿಗುವುದು ಏನೂ ಇರಲಿಲ್ಲ. ಬಂದು ನಿಂತು, ಕೇಳಿದ ಕೂಡಲೇ 9931 ಅಂದ. ಖಾತ್ರಿಯೇನಪ್ಪ ಎಂದರೆ, “ನನ್ನ ಸೋಲಿಸಿದ ಸಂಖ್ಯೆ ಮರೀತೀನೇನ್ರಿ?” ಅಂದ.

ಇನ್ನು ನ್ಯಾಯ ಸಿಕ್ಕಿತು ಎಂದುಕೊಂಡೆ. ಸಾಹುಕಾರರು ತಿಪ್ಪಣ್ಣನನ್ನು ಕಳಿಸಿ, ನನಗೆ ಮಜ್ಜಿಗೆ ತರಿಸಿ, ನಿಧಾನವಾಗಿ ಹೇಳಿದರು: “ಕಾರ್ಯದರ್ಶಿ ನಮ್ಮ ಬೀಗರು. ನನ್ನ ಮಗಳು ಅವರ ಮನ್ಯಾಗ ಬಾಳುವೆ ಮಾಡಬೇಕು. ಅವರ ಷಡ್ಡಕನ ಮಗನ್ನ ಕೈ ಬಿಡಸ್ತೀನಿ, ಆ ಸೀಟು ನಿಮ್ಮ ಹುಲಿಗೆಮ್ಮಗ. ಮಿಲ್ಲಿನವರ ಅಳಿಯ ಇರ್ಲಿ. ಮಂದಿಗೆ ಗೊತ್ತಾಗೂದು ಬ್ಯಾಡ.” ಮಜ್ಜಿಗೆಯನ್ನು ಹಾಗೇ ಬಿಟ್ಟು ಎದ್ದು ಬಂದೆ. ಅರ್ಧ ಕಳ್ಳತನ ಹಿಡಿದು ಅರ್ಧ ಬಿಡುವುದಂತೆ! ಒಡೆಯಬಾರದ್ದನ್ನು ಒಡೆಯುವುದರಲ್ಲಿ ನಮ್ಮ ದೊಡ್ಡ ಮನುಷ್ಯರಿಗಿಂತ ಜಾಣರಿಲ್ಲ.

ಮಧ್ಯಾಹ್ನದ ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಹುಲಿಗೆಮ್ಮನ ಮನೆಯ ಕಟ್ಟೆಯ ಮೇಲೆ ಅವರ ಗಂಡ ಎಡಗೈಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿ, ಈ ಸೀಟು ಬೇಡ ಎಂದುಬಿಡಿ, ಕಳ್ಳನ ಪಕ್ಕದಲ್ಲಿ ಕೂತು ಕಲಿಯುವ ಗತಿ ಬಂದಿಲ್ಲ, ನಾವು ಇದನ್ನು ಮದ್ರಾಸಿನವರೆಗೆ ಒಯ್ಯೋಣ ಎಂದು ಕೂಗಾಡಿದೆ. ಹುಲಿಗೆಮ್ಮ ಪೂರ್ತಿ ಕೇಳಿಸಿಕೊಂಡರು.

“ಸಿಟ್ಟು ನಿಮಗೊಬ್ರಿಗೇ ಬರತೈತೇನ್ರಿ ಮೇಷ್ಟ್ರೇ? ನಾನು ಬ್ಯಾಡ ಅಂದ್ರ ಎರಡೂ ಸೀಟು ಅವರಿಗೇ. ಮದ್ರಾಸಿನಿಂದ ಉತ್ತರ ಬರೂದ್ರಾಗ ಜೂನ್ ಬರತೈತಿ. ನಾನು ಸೀಟು ತಗೋತೀನಿ.”

ಆಕೆ ಇನ್ನೂ ಮುಗಿಸಿರಲಿಲ್ಲ.

“ಆದ್ರ ನನ್ನ ಲೆಕ್ಕ ಅರ್ಧಕ್ಕ ಒರಸ್ಯಾರ. ಅದನ್ನ ಮುಗಿಸಾಕ ಬಿಡ್ಬೇಕು. ಅದ ಬೋರ್ಡು, ಅದ ಮೂರು ಮಂದಿ. ಮುಗಿದ ಮ್ಯಾಲೆ ಅವರು ಹೇಳಬೇಕಾದ ಮಾತು ಹೇಳಬೇಕು. ಇಷ್ಟು ಮಾಡಸ್ರಿ, ಸಾಕು.”

ಅವರ ಗಂಡ ತಲೆ ಎತ್ತಿ, ಇದರಿಂದ ಬಂದ ಸೀಟೂ ಹೋದರೆ ಎಂದು ಮೆಲ್ಲಗೆ ಕೇಳಿದರು. ಹೋದರೆ ಹೋಗಲಿ, ಸಂಖ್ಯೆ ಓದಲು ಬರದವಳು ಎನ್ನಿಸಿಕೊಂಡು ಯಾವ ಮುಖದಿಂದ ಮಕ್ಕಳ ಮುಂದೆ ನಿಲ್ಲಲಿ ಎಂದು ಆಕೆ ಗಂಡನಿಗೆ ಉತ್ತರ ಕೊಟ್ಟರು. ಇಷ್ಟು ಹೊತ್ತು ಕೂಗಾಡಿದವನು ನಾನು. ನಿಜವಾದ ಸಿಟ್ಟು ಯಾರದೆಂದು ಆಗ ಕಂಡಿತು.

ಸಾಹುಕಾರರಿಗೆ ಈ ಬೇಡಿಕೆ ಹೇಳಿದಾಗ ಜೋರಾಗಿ ನಕ್ಕರು. ಅಷ್ಟೇ ತಾನೆ, ಒಂದು ಮಾತಿಗೆ ಏನು ಖರ್ಚು, ಹೇಳಿಸೋಣ ಅಂದರು. ಬೀಗರಿಗೆ ಅದರ ಖರ್ಚು ಎಷ್ಟು ಎಂದು ಅವರಿಗೆ ಅಂದಾಜಿರಲಿಲ್ಲ. ಕಾರ್ಯದರ್ಶಿ ಎರಡು ವಾರ ಜ್ವರ ಎಂದರು, ಆಮೇಲೆ ಪ್ರಯಾಣ ಎಂದರು. ಸೀಟು ಕೊಟ್ಟಾಯಿತಲ್ಲ, ಇನ್ನೇನು ಎಂದು ವೆಂಕೋಬರಾಯರ ಕೈಲಿ ಹೇಳಿ ಕಳಿಸಿದರು. ಹುಲಿಗೆಮ್ಮ ಲೆಕ್ಕ ಮುಗಿಸದೆ ಸೇರುವುದಿಲ್ಲ ಎಂದು ಕೂತರು. ಜೂನ್ ಹತ್ತಿರ ಬಂತು. ಸೀಟು ಖಾಲಿ ಉಳಿದರೆ ಊರೆಲ್ಲ ಕಾರಣ ಕೇಳುತ್ತದೆ ಎಂದು ಸಾಹುಕಾರರೇ ಕೊನೆಗೆ ಬೀಗರನ್ನು ಕುದುರೆಗಾಡಿಯಲ್ಲಿ ಕೂರಿಸಿಕೊಂಡು ಬಂದರು.

ಅದೇ ಕೋಣೆ. ಈ ಸಲ ಕಾರ್ಯದರ್ಶಿ ಮುಂದಿನ ಬೆಂಚು ಬಿಟ್ಟು ಕೊನೆಯ ಬೆಂಚಿನ ಮೂಲೆಗೆ ಹೋಗಿ ಕೂತರು. ನಾನು ಮುಂದೆ ಕೂತೆ. ಸಾಹುಕಾರರು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡರು. ಹುಲಿಗೆಮ್ಮ ಬಂದು ಬೋರ್ಡಿನ ಮೇಲೆ 9931 ಎಂದು ಬರೆದರು. ಕೊನೆಯ ಒಂದು ಭಾಗಾಕಾರ ಮಾಡಿ ಮುಗಿಸುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಎರಡರಿಂದ ಶುರು ಮಾಡಿದರು. ಒಂದನ್ನೂ ಬಿಡಲಿಲ್ಲ, ಒಂದು ಶೇಷವನ್ನೂ ನೆನಪಿನಿಂದ ಬರೆಯಲಿಲ್ಲ, ಎಲ್ಲವನ್ನೂ ಹೊಸದಾಗಿ ಭಾಗಿಸಿದರು. ಹೊರಗೆ ಬಿಸಿಲು ಏರಿತು. ಯಾರೂ ಗಡಿಯಾರ ನೋಡಲಿಲ್ಲ. ಎಂಬತ್ತೊಂಬತ್ತಕ್ಕೆ ಐವತ್ತೆರಡು ಉಳಿಯಿತು. ಆಮೇಲೆ ತೊಂಬತ್ತೇಳು. ತೊಂಬತ್ತೇಳು ನೂರಾಎರಡಲಿ ಒಂಬತ್ತು ಸಾವಿರದ ಎಂಟುನೂರ ತೊಂಬತ್ತನಾಲ್ಕು. ಕಳೆದರು. ಮೂವತ್ತೇಳು ಉಳಿಯಿತು. ಮೂವತ್ತೇಳರ ಸುತ್ತ ಒಂದು ಸುತ್ತು ಹಾಕಿ ಸೀಮೆಸುಣ್ಣ ಕೆಳಗಿಟ್ಟರು.

“ಇನ್ನ ನೋಡೂದು ಬೇಕಿಲ್ಲ. ಇದು ಒಂದರಿಂದ ಒಡೀತೈತಿ, ತನ್ನಿಂದ ತಾನು ಒಡೀತೈತಿ, ಬ್ಯಾರೆ ಯಾರಿಂದಲೂ ಒಡಿಯಂಗಿಲ್ಲ. ಗೊತ್ತಾತೇನು?”

ನಾನು “ಗೊತ್ತಾಯ್ತು ಅಕ್ಕೋರೇ” ಅಂದೆ. ಹೆಣ್ಣು ಮೇಷ್ಟ್ರನ್ನು ನಮ್ಮ ಕಡೆ ಮಕ್ಕಳು ಕರೆಯುವುದು ಹಾಗೆ. ವೆಂಕೋಬರಾಯರೂ ಅಂದರು, ಕಣ್ಣು ಆ ದಿನ ಚೆನ್ನಾಗಿ ಕಾಣುತ್ತಿತ್ತು. ಕೊನೆಯ ಬೆಂಚಿನಿಂದ ಗಂಟಲು ಕೆರೆದ ಸದ್ದು ಮಾತ್ರ ಬಂತು.

ಹುಲಿಗೆಮ್ಮ ಕಾದರು. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ತೆಗೆಯಲಿಲ್ಲ.

“ಕೊನೀ ಬೆಂಚಿನವರು ಹೇಳಲಿಲ್ಲ.”

ಸಾಹುಕಾರರು ಕುರ್ಚಿಯಲ್ಲಿ ಅಲುಗಾಡಿದರು. ಕಾರ್ಯದರ್ಶಿ ನೆಲ ನೋಡುತ್ತ ಏನೋ ಅಂದರು.

“ಕೇಳಸಲಿಲ್ಲ. ಎದ್ದು ನಿಂತು ಹೇಳ್ರಿ.”

ಆ ಮನುಷ್ಯ ಎದ್ದು ನಿಂತರು. ಬೋರ್ಡನ್ನು ನೋಡಿದರು. “ಗೊತ್ತಾಯ್ತು ಅಕ್ಕೋರೇ” ಅಂದರು. ಹುಲಿಗೆಮ್ಮ ತಲೆಯಾಡಿಸಿ, ಕೂರಬಹುದು ಎಂದು ಕೈ ಸನ್ನೆ ಮಾಡಿ, ಡಸ್ಟರ್ ತೆಗೆದುಕೊಂಡು ಬೋರ್ಡನ್ನು ತಾವೇ ಒರೆಸಿದರು.

ಹುಲಿಗೆಮ್ಮ ಟ್ರೇನಿಂಗ್ ಮುಗಿಸಿ ಕುರುಗೋಡಿನ ಅದೇ ಶಾಲೆಗೆ ಹೋದರು. ಅವರ ಕೈಯಲ್ಲಿ ಕಲಿತ ಮಕ್ಕಳು ಮುಂದೆ ನನ್ನ ಹೈಸ್ಕೂಲಿಗೆ ಬಂದಾಗ ತಾಳೆ ನೋಡದೆ ಉತ್ತರ ಹೇಳುತ್ತಿರಲಿಲ್ಲ. ಮಿಲ್ಲಿನವರ ಅಳಿಯನೂ ಟ್ರೇನಿಂಗ್ ಮುಗಿಸಿದ, ಮೇಷ್ಟ್ರಾದ, ಹೆಡ್ಮಾಸ್ಟರೂ ಆದ. 9700ಕ್ಕೆ 291 ಕೂಡಿಸಿ 9931 ಎಂದವನ ಕೈಯಲ್ಲಿ ಎಷ್ಟು ಮಕ್ಕಳು ಕಲಿತರೋ. ನನ್ನ ಸಿಟ್ಟು ಆರದೆ ಉಳಿದಿರುವುದು ಆ ಎರಡನೇ ಸೀಟಿನ ಮೇಲೆ. ಅದನ್ನು ನಾನು ಬಿಡಿಸಲಾಗಲಿಲ್ಲ, ಬಿಟ್ಟುಕೊಡುವುದೂ ಇಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಉತ್ತರ ಸರಿಯಿದ್ದರೆ ಸಾಲದು. ಒರೆಸಿದವನನ್ನು ಬೆಂಚಿನಿಂದ ಎಬ್ಬಿಸಿ, ಅದು ಸರಿ ಎಂದು ಅವನ ಬಾಯಿಂದಲೇ ಹೇಳಿಸುವವರೆಗೆ ಬೋರ್ಡು ಬಿಟ್ಟು ಬರಬಾರದು.